ಫಾರಂ ಮೇಲಿನ ನಂಬರು

ಸವತಿ ಇದ್ದಿದ್ದರೂ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ನನ್ನ ಗಂಡ ಕಾಟಲಿಂಗಪ್ಪನಿಗೆ ಇರುವುದು ಮಹಮ್ಮದ್ ಗೌಸ್. ಹಿರಿಯೂರಿನ ಹೈವೇ ಪಕ್ಕದ ಶೆಡ್ಡಿನಲ್ಲಿ ಅವನು ಲಾರಿಗೆ ಬಾಡಿ ಕಟ್ಟುತ್ತಾನೆ, ಇವರು ಬಣ್ಣ ಹೊಡೆಯುತ್ತಾರೆ. ಮೂವತ್ತು ವರ್ಷದಿಂದ ಇಬ್ಬರದೂ ಒಂದೇ ಮಾತು, ಒಂದೇ ಬೀಡಿ. ಮನೆಗೆ ಬರುವಷ್ಟರಲ್ಲಿ ನನಗೆಂದು ಇವರ ಬಾಯಲ್ಲಿ ಒಂದು ಮಾತೂ ಉಳಿದಿರುವುದಿಲ್ಲ.

ಉಚ್ಚೆಯಲ್ಲಿ ರಕ್ತ ಅಂತ ಚಿತ್ರದುರ್ಗದ ಡಾಕ್ಟರ ಮುಂದೆ ಕೂತೆವು. ಎಷ್ಟು ದಿನದಿಂದ ಎಂದು ಕೇಳಿದರು.

"ಒಂದು ತಿಂಗಳಾತು ಸಾರ್" ಅಂದರು ಇವರು.

ಬಾಗಿಲ ಬಳಿ ನಿಂತಿದ್ದ ಗೌಸ್ ತಲೆ ತಗ್ಗಿಸಿ, "ಇಲ್ಲ ಸಾರ್, ದೀಪಾವಳಿಯಿಂದ ಐತೆ" ಅಂದ.

ಐದು ತಿಂಗಳು! ಈಚೆಗೆ ಇವರು ತಮ್ಮ ಚಡ್ಡಿ ತಾವೇ ಒಗೆದುಕೊಳ್ಳುತ್ತಿದ್ದರೆ, ಈ ವಯಸ್ಸಿಗೆ ಬುದ್ಧಿ ಬಂತು ಎಂದು ನಾನು ಆಡಿಕೊಂಡಿದ್ದೆ. ಅವನಿಗೆ ಮಾತ್ರ ಎಲ್ಲ ಗೊತ್ತಿತ್ತು. ಮೂತ್ರಕೋಶದಲ್ಲಿ ಕ್ಯಾನ್ಸರ್ ಎಂದು ಖಾತ್ರಿಯಾದ ದಿನವೂ, ಹೇಳಲು ನಾಚಿಕೆಯಾಗುತ್ತದೆ, ನನಗೆ ಅಳುವಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು.

ರೋಗ ಅಲ್ಲೇ ಇದ್ದರೆ ಮೂತ್ರಕೋಶ ತೆಗೆದು ಬದುಕಿಸಬಹುದು, ಹೊರಗೆ ಹಬ್ಬಿದ್ದರೆ ಕಷ್ಟ. ಅದನ್ನು ನೋಡಲು ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಆಗಬೇಕಿತ್ತು.

"ಗೌಸಣ್ಣ ಬರದು ಬ್ಯಾಡ, ನಾನಿದೀನಿ" ಅಂದೆ. ಬಸ್ಸು ಹೊರಡುವ ತನಕ ಅವನು ಕೆಳಗೆ ನಿಂತಿದ್ದ. ಕಿಟಕಿ ಸೀಟು ನಾನೇ ಹಿಡಿದಿದ್ದೆ, ಬೇಕಂತಲೇ.

ಸ್ಕ್ಯಾನಿನ ದಿವ್ಯಾ ಎಂಬ ಹುಡುಗಿ ಬಿಡಿಸಿ ಹೇಳಿದಳು. ಸೂಜಿಯಲ್ಲಿ ಕೊಡುವ ಔಷಧಿ ರೋಗ ಇರುವಲ್ಲಿ ಹೊಳೆಯುತ್ತದಂತೆ. ಆದರೆ ಅದು ಉಚ್ಚೆಗೂ ಇಳಿಯುವುದರಿಂದ ಮೂತ್ರಕೋಶವೇ ದೊಡ್ಡ ಬಲ್ಬಿನಂತೆ ಉರಿದು, ಸುತ್ತಲಿನದು ಮರೆಯಾಗುತ್ತದಂತೆ. ಅದಕ್ಕೇ ಮೊದಲ ಚಿತ್ರವಾದ ಮೇಲೆ ಉಚ್ಚೆ ಹೋಗುವ ಮದ್ದು ಕೊಟ್ಟು, ನೀರು ಕುಡಿಸಿ, ಖಾಲಿ ಮಾಡಿಸಿ, ಎರಡನೇ ಸಲ ಚಿತ್ರ ತೆಗೆಯುತ್ತಾರೆ. ಹೆಂಡತಿಯಿಂದ ಮುಚ್ಚಿಟ್ಟಿದ್ದೂ ಕಾಣುತ್ತದಾ ಎಂದು ಕೇಳಬೇಕೆನಿಸಿತು.

ಆಮೇಲೆ ಅಲ್ಲಿ ತುಂಬಿಕೊಡಬೇಕಿದ್ದ ಫಾರಂ ನೋಡಿದೆ. ರಿಪೋರ್ಟ್ ಬಂದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಇವರು ಗೌಸ್ ನಂಬರು ಬರೆದಿದ್ದರು. ಮೈ ಉರಿದುಹೋಯಿತು. ಪೆನ್ನು ಕಿತ್ತುಕೊಂಡು ಅದನ್ನು ಹೊಡೆದುಹಾಕಿ ನನ್ನ ನಂಬರು ಬರೆದೆ.

"ಲೇ, ಬ್ಯಾಡ ಕಣೆ" ಅಂದರು ಮೆಲ್ಲಗೆ.

"ಯಾಕೆ? ಕಟ್ಕಂಡವಳು ನಾನಲ್ವಾ?"

ಇವರು ಫಾರಂ ತಗೊಂಡು ದಿವ್ಯಾಳ ಕೈಗೆ ಕೊಟ್ಟರು.

ಊರಿಗೆ ಮರಳಿದ ಮೂರನೇ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಮೂತ್ರಕೋಶದ ಹೊರಗೆ ಎರಡು ಗ್ರಂಥಿಗಳಲ್ಲಿ ಹೊಳೆದಿದೆ. ಸದ್ಯಕ್ಕೆ ಆಪರೇಷನ್ ಇಲ್ಲ. ಕೀಮೋ ಕೊಟ್ಟು ಆಮೇಲೆ ನೋಡಬೇಕಂತೆ.

"ಯಾರೇ ಫೋನು?" ಮಲಗಿದ್ದಲ್ಲಿಂದಲೇ ಕೇಳಿದರು.

"ಗ್ಯಾಸಿನವರು" ಅಂದೆ. ಬಾಯಿಗೆ ಅದೇ ಬಂತು.

ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋದೆ. ಗೌಸ್ ಅಂಗಿ ಹೆಗಲಿಂದ ಜೋತಾಡುತ್ತಿತ್ತು. ಈ ದೀಪಾವಳಿಯಿಂದ ಈಚೆಗೆ ಅವನು ಅರ್ಧಕ್ಕರ್ಧ ಇಳಿದುಹೋಗಿದ್ದ. ನಾನು ಅದನ್ನು ನೋಡಿದ್ದು ಅವತ್ತೇ.

"ಕುಂತ್ಕಳ್ರಿ ಅಕ್ಕ. ಏನಂದ್ರು?"

ಹೇಳಿದೆ. ಅವನು ಉಳಿ ಕೆಳಗಿಟ್ಟು ನನ್ನೆದುರು ಕೂತ.

"ಗೌಸಣ್ಣ, ಅವ್ರಿಗೆ ನೀನೇ ಹೇಳಪ್ಪ. ನನ್ ಕೈಲಿ ಆಗಲ್ಲ."

"ನಿಮಗೆ ಹೇಳಕೆ ಅವನ ಕೈಲೂ ಆಗ್ಲಿಲ್ಲ ಅಕ್ಕ" ಅಂದ ಗೌಸ್.