ತುಂಬಿದ ದೋಣಿಯ ಗೆರೆ

೨೦೨೪ರ ನವೆಂಬರ್ ೧೪, ಗುರುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

"ಏಯ್, ಕಾಲ್ ತೆಗಿಯೇ! ಪೂಜೆ ಆಗೋಗಂಟ ದೋಣಿ ಮುಟ್‌ಬ್ಯಾಡ್ರಿ ಅಂತ ಎಷ್ಟ್ ಸಲ ಬೊಗಳ್ಬೇಕು ನಿಮ್ಗೆ?"

ನಂದಕುಮಾರ್ ದಡದಿಂದ ಕೂಗಿದ. ಮುನಿಗಂಗಮ್ಮ ದೋಣಿಯ ಅಂಚಿಗೆ ಇಟ್ಟಿದ್ದ ಪಾದವನ್ನು ನಿಧಾನವಾಗಿ ಹಿಂದಕ್ಕೆ ತೆಗೆದಳು.

"ತಗುದೆ ಕಣಪ್ಪ. ನೀನ್ ಬೊಗಳೋದ್ ನಿಲ್ಸು, ಕೊಕ್ಕರೆ ಎದ್ರುಕೊಂತವೆ."

ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ನಿಂತಿದ್ದ ಉಳಿದ ಆರು ಹೆಂಗಸರು ಕೆರೆಯ ಕಡೆ ಮುಖ ತಿರುಗಿಸಿ ನಕ್ಕರು.

ಬಾಗಲೂರು ರಸ್ತೆಗೆ ಹತ್ತಿರದ ಈ ಕೆರೆಯಿಂದ ಅಂತರಗಂಗೆ ಕಳೆ ತೆಗೆಸುವ ಗುತ್ತಿಗೆ ನಂದಕುಮಾರನದು. ಕೆರೆಯಂಚಿನ ಗದ್ದೆ ಅವನ ತಾತನದಾಗಿತ್ತು. ಈಗ ಅಲ್ಲಿ ಹದಿನೆಂಟು ಅಂತಸ್ತಿನ ಕಟ್ಟಡವಿದೆ, ಅದೂ ಅವರದೇ. ಕಳೆ ಕೀಳುವ ಏಳೂ ಹೆಂಗಸರು ನಮ್ಮ ಕೇರಿಯವರು. ದೋಣಿಯೊಳಗೆ ಹೊಸ ಡೀಸೆಲ್ ಎಂಜಿನ್ನಿನ ಪಕ್ಕ ಮಂಡಿಯೂರಿ ಕೂತಿದ್ದವಳು ನಾನು. ಅದನ್ನು ಕೂರಿಸುವ ಕೆಲಸ ನನ್ನದು.

"ನನ್ನ ಕಾಲೂ ಅದೇ ಕೇರಿದಲ್ವಾ ಅಣ್ಣ?" ಅಂದೆ.

"ನೀನ್ ಬಿಡು ಕಲಾವತಿ. ಬಿಎಸ್ಸಿ ಮಾಡಿದೋಳು."

"ಅಂಗಾರೆ ಡಿಗ್ರೀನೇ ಸೋಪು ಅನ್ನು," ಅಂದಳು ಮುನಿಗಂಗಮ್ಮ. "ನಮ್ಗೂ ಒಂದೊಂದ್ ಕೊಡ್ಸಪ್ಪ, ತೊಳ್ಕೊಂತೀವಿ."

ಹಳೆಯ ಎಂಜಿನ್ ಸತ್ತದ್ದು ನೀರು ಕುಡಿದು. ದೋಣಿಯ ಎಂಜಿನ್ನಿನ ಹೊಗೆ ತಣಿಯಲೆಂದು ಹೊಗೆಪೈಪಿನೊಳಕ್ಕೆ ಕೆರೆಯ ನೀರನ್ನೇ ಬಿಡುತ್ತಾರೆ. ನೀರು ಸೇರುವ ಕಡೆ ಪೈಪು ಬಾಗಿರುತ್ತದೆ. ಆ ಬೆಂಡು ಹೊರಗಿನ ನೀರಿನ ಮಟ್ಟಕ್ಕಿಂತ ಕನಿಷ್ಠ ನೂರೈವತ್ತು ಮಿಲಿಮೀಟರ್ ಮೇಲಿರಬೇಕು. ಇಲ್ಲದಿದ್ದರೆ ಎಂಜಿನ್ ನಿಂತ ಮೇಲೂ ನೀರು ತಾನಾಗಿ ಹರಿದು ಬರುತ್ತಲೇ ಇರುತ್ತದೆ. ಮೊದಲು ಪೈಪು ತುಂಬುತ್ತದೆ, ಆಮೇಲೆ ಸಿಲಿಂಡರ್. ಹಳೆಯದರಲ್ಲಿ ಅದನ್ನು ಯಾರೂ ಅಳೆದಿರಲಿಲ್ಲ. ದೋಣಿ ನಡೆಸುತ್ತಿದ್ದ ನಮ್ಮಪ್ಪ ಮುನಿಯಣ್ಣ ಕುಡಿದ ಅಮಲಿನಲ್ಲಿ ಎಂಜಿನ್ ಕೆಡಿಸಿದ ಅಂತ ನಂದಕುಮಾರ್ ಬರೆಸಿದ, ಹೆಬ್ಬೆಟ್ಟು ಒತ್ತಿಸಿಕೊಂಡ, ಮನೆಗೆ ಕಳಿಸಿದ. ಅಪ್ಪ ಟೀ ಬಿಟ್ಟು ಬೇರೇನೂ ಕುಡಿಯುವವನಲ್ಲ.

"ಎಂಜಿನ್ ಕುಡೀತು, ವಾಸ್ನೆ ನನ್ ಬಾಯಿಂದ ಬತ್ತದಂತೆ," ಅಂತ ಇವತ್ತಿಗೂ ನಗುತ್ತಾನೆ. ಕೆರೆಯ ಕಡೆ ಮಾತ್ರ ಬರುವುದಿಲ್ಲ.

ಈಗ ನಂದಕುಮಾರನ ಕೈಯಲ್ಲಿ ಇನ್ನೊಂದು ಕಾಗದವಿತ್ತು. 'ಎಂಜಿನ್ ಮತ್ತು ಹೊಗೆಪೈಪು ಸರಿಯಾಗಿ ಕೂರಿಸಲಾಗಿದೆ.' ಕೆಳಗೆ ನನ್ನ ರುಜು ಬೇಕು.

"ನೂರಾ ಅರವತ್ತು ಐತೆ ಅಂತ ನೀನೇ ಅಳೆದ್ಯಲ್ಲ, ಇನ್ನೇನ್ ಕಿರಿಕ್ಕು?"

"ಅದು ಖಾಲಿ ದೋಣಿದು ಅಣ್ಣ. ಖಾಲಿ ದೋಣಿ ಯಾವತ್ತು ಕಳೆ ತೆಗ್ದಿದೆ? ಜನ ಹತ್ತಿದ್ರೆ ಇಳಿಯತ್ತೆ. ತುಂಬ್ಸಿ ಅಳೀಬೇಕು ಅಂತ ಮಂಗಳವಾರದಿಂದ ಹೇಳ್ತಿದೀನಿ."

ಮಂಗಳವಾರ ಹೆಂಗಸರನ್ನು ಹತ್ತಿಸಿ ಅಂದಿದ್ದೆ. ಪೂಜೆಗೆ ಮುಂಚೆ ಅವರ ಕಾಲು ಬೀಳಬಾರದು ಅಂದ. ಮರಳಿನ ಮೂಟೆ ಕೇಳಿದೆ. ಹೊಸ ಬಣ್ಣ ಗೀಚಿಹೋಗುತ್ತದೆ ಅಂದ.

"ಕಮ್ಮಿ ಬಂದ್ರೆ?"

"ಬೆಂಡು ಎತ್ತರ ಮಾಡ್ಬೇಕು. ಎರಡು ದಿನದ ಕೆಲ್ಸ."

"ಒಂಬತ್ತಕ್ಕೆ ಪೂಜೆಗೆ ಆಫೀಸರ್‌ಗಳು ಬತ್ತಾರೆ ಕಣಮ್ಮಾ!" ಅವನು ದನಿ ತಗ್ಗಿಸಿದ. "ನಿಮ್ಮಪ್ಪಂಗ್ ಆಗಿದ್ದು ಮರ್ತ್ಯಾ? ರುಜು ಆಕು. ಇಲ್ಲ ಅಂದ್ರೆ ನಾಳೆಯಿಂದ ಗೇಟ್ ಒಳಕ್ಕೆ ಬರ್ಬ್ಯಾಡ."

ಮರ್ತಿರಲಿಲ್ಲ. ಈ ಎಂಜಿನ್ನಿಗೂ ನೀರು ಇಳಿದ ದಿನ ಅವನು ತೋರಿಸುವುದು ಇದೇ ಕಾಗದವನ್ನು.

ಮುನಿಗಂಗಮ್ಮ ನನ್ನನ್ನೇ ನೋಡುತ್ತಿದ್ದಳು.

"ಏನ್ ಬೇಕವ್ವ ನಿಂಗೆ?"

"ತೂಕ, ದೊಡ್ಡಮ್ಮ."

"ಅಷ್ಟೇಯಾ? ಅದೊಂದ್ ನಮ್ತಾವ ಐತೆ. ಬಾರೇ ರಾಣಿ, ಇಷ್ಟ್ ವರ್ಷ ಉಂಡಿದ್ದು ಇವತ್ತ್ ಕೆಲ್ಸಕ್ ಬಂತು."

ಅವಳು ದೋಣಿಗೆ ಕಾಲಿಟ್ಟಳು. ಈ ಸಲ ಎರಡೂ ಕಾಲು. ಹಿಂದೆ ರಾಣಿ, ಅವಳ ಹಿಂದೆ ಮೂವರು. ಉಳಿದಿಬ್ಬರು ಬೆಳಿಗ್ಗೆ ದಡಕ್ಕೆ ಎಳೆದು ಹಾಕಿದ್ದ ಹಸಿ ಅಂತರಗಂಗೆಯನ್ನು ಕವೆಗೋಲಿನಲ್ಲಿ ಎತ್ತಿ ಎತ್ತಿ ಒಳಗೆ ಎಸೆದು, ಕೊನೆಗೆ ತಾವೂ ಹತ್ತಿದರು. ಹೊಸ ಹಸಿರು ಬಣ್ಣದ ಮೇಲೆ ಕಪ್ಪು ನೀರು ಇಳಿಯಿತು.

"ಇಳೀರೇ ಮುಂಡೇರಾ! ನಿಮ್ ಮನೆ ಆಳಾಗ!"

"ತಡಿ ಸಾಮಿ, ಕೂಗ್ದಂಗೆಲ್ಲ ದೋಣಿ ಅಳ್ಳಾಡ್ತದೆ. ನಮ್ ಕಲಾವತಿ ಅಳತೆ ತಗೀಬೇಕು."

ನಂದಕುಮಾರ್ ಎರಡು ಹೆಜ್ಜೆ ಮುಂದೆ ಬಂದ. ಎಳೆದು ಇಳಿಸಬೇಕಾದರೆ ಮುಟ್ಟಬೇಕು. ಅಲ್ಲೇ ನಿಂತ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಪುರೋಹಿತರು ಹರಿದು ಬಂದ ಕೆಸರಿನಿಂದ ಕಾಲು ಮೇಲೆತ್ತಿಕೊಂಡರು.

"ಅಯ್ನೋರೆ, ನೀವೂ ಬತ್ತೀರಾ?" ರಾಣಿ ಕರೆದಳು. "ನಿಮ್ ತೂಕಾನೂ ನಡೀತದೆ."

"ಅಲ್ಲಮ್ಮ," ಅವರು ನನ್ನನ್ನು ಕೇಳಿದರು, "ನಿಜವಾಗ್ಲೂ ನೀರು ಒಳಗೆ ಬರುತ್ತಾ? ಪೂಜೆ ಆದ್ಮೇಲೆ ನನ್ನನ್ನೂ ಒಂದು ಸುತ್ತು ಕರ್ಕೊಂಡ್ ಹೋಗ್ತೀವಿ ಅಂದಿದಾರೆ."

"ನೀವ್ ಸುಮ್ಕಿರಿ ಸ್ವಾಮಿ!" ನಂದಕುಮಾರ್ ಗದರಿದ.

ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ಕೆರೆಗೆ ಇಳಿಬಿಟ್ಟೆ, ಇನ್ನೊಂದನ್ನು ಬೆಂಡಿನ ಪಕ್ಕ ಎತ್ತಿ ಹಿಡಿದೆ. ಟ್ಯೂಬಿನ ನೀರು ಏರಿ, ಇಳಿದು, ಕೆರೆಯ ಮಟ್ಟಕ್ಕೆ ಬಂದು ನಿಂತಿತು. ದೋಣಿ ಅಲ್ಲಾಡದಂತೆ ಏಳು ಜನವೂ ಅಂಚು ಹಿಡಿದು ಕೂತರು. ಸ್ಟೀಲ್ ಸ್ಕೇಲ್ ಇಟ್ಟು ಮೂರು ಸಲ ಓದಿದೆ.

"ಕಾಗದ ಕೊಡಿ ಅಣ್ಣ."

ರುಜು ಹಾಕುತ್ತೇನೆಂದು ಕೊಟ್ಟ. 'ಸರಿಯಾಗಿ' ಅನ್ನುವುದನ್ನು ಹೊಡೆದುಹಾಕಿ, ಕೆಳಗೆ ತಾರೀಖು, ಹೊತ್ತು, ಅಳತೆ ಬರೆದು ರುಜು ಹಾಕಿದೆ. ಮುನಿಗಂಗಮ್ಮ ನನ್ನ ಅಂಗೈಯ ಗ್ರೀಸಿಗೆ ಹೆಬ್ಬೆಟ್ಟು ಒರೆಸಿ ಕಾಗದದ ಮೇಲೆ ಒತ್ತಿದಳು. "ನಿಮ್ಮಪ್ಪಂದೂ ಇಂಗೇ ಒತ್ತಿಸ್ಕೊಂಡ," ಅಂದಳು. "ಆದ್ರೆ ಅದ್ರಲ್ಲಿ ಏನ್ ಬರ್ದವ್ರೆ ಅಂತ ಓದಿ ಏಳಿರ್ಲಿಲ್ಲ. ನೀನ್ ಓದು."

ಏಳು ಹೆಬ್ಬೆಟ್ಟು ಬಿದ್ದ ಮೇಲೆ, ದಡಕ್ಕೆ ಕೇಳುವ ಹಾಗೆ ಓದಿದೆ.

ತುಂಬಿದ ದೋಣಿ, ಜನ ಎಂಟು, ಹಸಿ ಕಳೆ. ಇರಬೇಕಾದ ಎತ್ತರ ನೂರೈವತ್ತು. ಇರುವುದು ಮೂವತ್ತೊಂದು ಮಿಲಿಮೀಟರ್.