ಗೋಡೆಯಾಚೆಯ ತತ್ತಿ

ಆ ಬೆಕ್ಕಿನ ಹಿಂಗಾಲಿನ ಮೇಲೆ ಆಟೋ ಹತ್ತಿದ್ದು ನನ್ನ ಮನೆಯ ಮುಂದೆಯೇ. ಕೌಲ್ ಬಜಾರಿನ ನಮ್ಮ ಗಲ್ಲಿಯಲ್ಲಿ ಹತ್ತು ಜನ ನಿಂತು ಅಯ್ಯೋ ಪಾಪ ಅಂದರು, ಒಬ್ಬರಾದರೂ ಬಗ್ಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೊಲಿಯುತ್ತಿದ್ದ ಜೀನ್ಸ್ ಪ್ಯಾಂಟಿನಲ್ಲೇ ಅದನ್ನು ಸುತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ, "ಬರೇ ಹಾಲು ಅನ್ನ ಹಾಕಿದ್ರ ಇದು ಉಳಿಯಂಗಿಲ್ರಿ. ತತ್ತಿ ಕೊಡ್ರಿ" ಎಂದರು.

"ನಾವು ಲಿಂಗಾಯತರು ಸಾರ್. ತತ್ತಿ ನಮ್ಮ ಮನಿಯೊಳಗ ಬರಂಗಿಲ್ಲ."

"ನೀವು ತಿನ್ನಬ್ಯಾಡ್ರಿ ಅಮ್ಮಾ. ಬೆಕ್ಕಿಗೆ ಹಾಕ್ರಿ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮನೆಯಲ್ಲಿ ಅವ್ವ ಪೂಜಿಸುತ್ತಿದ್ದ ದೇವರ ಜಗಲಿ ಇದೆ. ಅವ್ವ ಹೋಗಿ ಒಂದೂವರೆ ವರ್ಷ. ಈಗ ಆ ಮನೆಯಲ್ಲಿ ನಾನು, ನನ್ನ ಹೊಲಿಗೆ ಮಿಷನ್ನು, ಅಷ್ಟೆ. ಮದುವೆ ಆಗಲಿಲ್ಲ, ಅದರ ಕಥೆ ಬೇಡ. ಕೆಲವು ದಿನ ಸಂಜೆಯಾದರೂ ಬಾಯಿಂದ ಒಂದು ಮಾತು ಹೊರಟಿರುವುದಿಲ್ಲ. ಬೆಕ್ಕು ಉಳಿಯಬೇಕು, ಉಳಿದು ನನ್ನ ಹತ್ತಿರವೇ ಇರಬೇಕು ಎಂದು ಆಸ್ಪತ್ರೆಯ ಬೆಂಚಿನ ಮೇಲೆಯೇ ಆಸೆ ಹುಟ್ಟಿತು.

ಒಂದು ಉಪಾಯ ಮಾಡಿದೆ. ಪಕ್ಕದ ಮನೆಯ ಹುಸೇನಬಿಗೆ, "ನಿಮ್ಮ ಮನಿಯಾಗ ಹೆಂಗೂ ತತ್ತಿ ಬೇಯಿಸ್ತೀರಿ, ಇದಕ್ಕೂ ಒಂದು ಹಾಕು ತಾಯಿ" ಎಂದೆ. ದಿನಾ ಎರಡು ಹೊತ್ತು ಬೆಕ್ಕನ್ನು ಹಿತ್ತಲ ಮೋಟುಗೋಡೆಯ ಮೇಲಿಂದ ಅವಳ ಕೈಗೆ ಕೊಡುವುದು, ತಿಂದ ಮೇಲೆ ಇಸಿದುಕೊಳ್ಳುವುದು. ತಿನ್ನಿಸುವವಳು ಅವಳು. ಗಾಯ ತೊಳೆಯುವವಳು, ಬಾಯಿ ಅಗಲಿಸಿ ಕಹಿ ಮಾತ್ರೆ ನುಂಗಿಸುವವಳು ನಾನು. ಎಂಥ ಜಾಣೆ ನೋಡಿ!

ನನ್ನ ಬಲಗೈ ಪೂರ್ತಿ ಪರಚಿ ಹಾಕಿತು. ನಾನು ಹತ್ತಿರ ಹೋದರೆ ಸಾಕು, ಬಟ್ಟೆಯ ಮೂಟೆಯ ಹಿಂದೆ ಅಡಗುತ್ತಿತ್ತು. ಮಿಷನ್ನಿನ ಸದ್ದಿಗೆ ಬೆಚ್ಚುತ್ತದೆಂದು ಮೂರು ದಿನ ಕೆಲಸ ಬಿಟ್ಟೆ. ಎರಡು ವಾರಕ್ಕೆ ಮಿಷನ್ನಿಗೆ ಒಗ್ಗಿಕೊಂಡಿತು, ನನಗೆ ಒಗ್ಗಲಿಲ್ಲ.

ತಿಂಗಳಾದ ಮೇಲೆ ಡಾಕ್ಟರು ಪಟ್ಟಿ ತೆಗೆದರು. ಮನೆಗೆ ತಂದು ಬಿಟ್ಟದ್ದೇ ತಡ, ಕುಂಟುತ್ತ ಹಿತ್ತಲಿಗೆ ಹೋಗಿ, ಗೋಡೆ ಹಾರಿ ಹುಸೇನಬಿಯ ಮನೆ ಸೇರಿತು.

"ನಾನೇನು ಕಟ್ಟಿ ಹಾಕೀನೇನು ದಾಕ್ಷಾಯಣಕ್ಕಾ? ಇಲ್ಲಿ ತತ್ತಿ ಐತಿ, ಬರ್ತೈತಿ" ಎಂದಳು ಅವಳು.

ತಪ್ಪು ಅವಳದಲ್ಲ. ಆದರೂ ಒಂಬತ್ತು ಜನ ತುಂಬಿರುವ ಆ ಮನೆಗೆ ಇನ್ನೊಂದು ಜೀವ ಯಾಕೆ ಬೇಕಿತ್ತು? ನನಗೆ ಹೊಟ್ಟೆಕಿಚ್ಚಾಯಿತು.

ನಾಲ್ಕನೇ ದಿನ ಜಂಬುನಾಥನ ಅಂಗಡಿಗೆ ಹೋಗಿ ತತ್ತಿ ಕೇಳಿದೆ.

"ಅಕ್ಕಾ, ನಿಮಗಾ?"

"ನಿನಗ್ಯಾಕಪ್ಪಾ? ಸುಮ್ನ ಕಟ್ಟು."

ಸೆರಗಿನಲ್ಲಿ ಮುಚ್ಚಿಕೊಂಡು ತಂದು, ಜಗಲಿಯ ಮುಂದಿನ ಪರದೆ ಎಳೆದೆ. "ಬೈಯಬ್ಯಾಡವ್ವಾ" ಎಂದು ಗಟ್ಟಿಯಾಗಿಯೇ ಹೇಳಿದೆ. ಐವತ್ತೆರಡು ವರ್ಷದಲ್ಲಿ ತತ್ತಿ ಮುಟ್ಟಿದವಳಲ್ಲ. ನೀರು ಕುದಿ ಬಂದ ಕೂಡಲೇ ಇಳಿಸಿಬಿಟ್ಟೆ. ಹಿತ್ತಲ ಬಾಗಿಲಲ್ಲಿ ಕುಳಿತು ಒಡೆದರೆ ಒಳಗೆಲ್ಲ ಹಸಿ. ಹಳದಿ ಲೋಳೆ ಬೆರಳ ಸಂದಿಯಿಂದ ಮೊಣಕೈವರೆಗೆ ಸುರಿಯಿತು. ವಾಕರಿಕೆ ಬಂತು. ಒಂದು ತತ್ತಿ ಬೇಯಿಸಲೂ ಬರಲಿಲ್ಲವಲ್ಲ ಎಂದು ಅಳುವೂ ಬಂತು.

ಗೋಡೆಯ ಮೇಲೆ ಬೆಕ್ಕು ಕಾಣಿಸಿತು. ಇಳಿದು, ದೂರದಲ್ಲೇ ನಿಂತು ಮೂಸಿತು. ನಾನು ಅಲುಗಾಡಲಿಲ್ಲ. ಕುಂಟುತ್ತ ಬಂದು, ತಾನೇ ಪರಚಿದ್ದ ಕೈಯನ್ನು ನೆಕ್ಕತೊಡಗಿತು. ನಾಲಿಗೆ ಒರಟು. ಬೆರಳು, ಅಂಗೈ, ಒಣಗುತ್ತಿದ್ದ ಗೀರುಗಳು, ಒಂದನ್ನೂ ಬಿಡಲಿಲ್ಲ. ಅವ್ವ ಹೋದ ಮೇಲೆ ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ.

ಮುಗಿದ ಮೇಲೆ ಮತ್ತೆ ಗೋಡೆ ಹಾರಿ ಹೋಯಿತು. ನಾನು ಬಹಳ ಹೊತ್ತು ಕೈ ತೊಳೆಯದೆ ಕುಳಿತಿದ್ದೆ. ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ ಕೂಗಿದೆ.

"ಹುಸೇನಬೀ, ತತ್ತಿ ಎಷ್ಟೊತ್ತು ಕುದಿಸಬೇಕು ಹೇಳವಾ?"