ಎರಡೂಕಾಲು ಸುತ್ತು

"ಪೆಟ್ರೋಲ್ ಹದ ಮಾಡೋ ಈ ಸ್ಕ್ರೂನ ಮೊದ್ಲು ಒಳಕ್ಕೆ ತಿರುಗಿಸು. ತಳ ಮುಟ್ಟಿ ಕೂರೋವರೆಗೂ. ಎಷ್ಟು ಸುತ್ತಾಯ್ತು ಅಂತ ಎಣಿಸ್ಕೊ, ಆಮೇಲೆ ಬಿಚ್ಚು. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಕ್ಕೆ ಬಿಡ್ಬೇಕು," ಎಂದು ಮಾವ ಸ್ಕ್ರೂಡ್ರೈವರನ್ನು ಕಿರಿಸೊಸೆಯ ಕೈಗೆ ಕೊಟ್ಟರು.

ಹಿರಿಸೊಸೆ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಹದಿನಾಲ್ಕು ವರ್ಷದಿಂದ ಈ ಶೆಡ್ಡಿನಲ್ಲಿ ಟಾರ್ಚ್ ಹಿಡಿದವಳು ಅವಳು. ಮಾವ ಬಾಯಿ ತೆರೆಯುವ ಮೊದಲೇ ಬೇಕಾದ ಸ್ಪ್ಯಾನರನ್ನು ಕೈಗಿಡುತ್ತಿದ್ದವಳು, ಬಿಚ್ಚಿದ ಒಂದೊಂದು ಸಾಮಾನನ್ನೂ ಹಳೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದವಳು. ಸಸಿ ಬೆಳೆಸಿ ಮಾರುವ ಮನೆ ಅದು. ಕುಂಡ ಸಾಗಿಸುವುದಕ್ಕೂ ಹುಲ್ಲು ಕತ್ತರಿಸುವುದಕ್ಕೂ ಇದ್ದ ಪುಟ್ಟ ಟ್ರ್ಯಾಕ್ಟರಿಗೆ ಅವಳ ಗಂಡನಿಗಿಂತ ಎರಡೇ ವರ್ಷ ಕಡಿಮೆ ವಯಸ್ಸು. ಮಾವನ ಕೈ ನಡುಗಲು ಶುರುವಾದ ಮೇಲೆ, ಅದರ ಎಂಜಿನ್ನಿನ ಉಸ್ತುವಾರಿ ತನಗೇ ಬರುತ್ತದೆ ಎಂದುಕೊಂಡಿದ್ದಳು. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೆ. ಮೂರು ತಿಂಗಳ ಹಿಂದೆ ಮನೆ ಸೇರಿದ ವಾರಗಿತ್ತಿ ಇವತ್ತು ಬೆಳಿಗ್ಗೆ ಬಂದು ಕುಕ್ಕರುಗಾಲಲ್ಲಿ ಕೂತವಳೇ, "ಮಾವ, ಕಾರ್ಬುರೇಟರ್ ನಾನ್ ಬಿಚ್ಲಾ?" ಅಂದಳು. ಕೇಳಿದವಳಿಗೆ ಸಿಕ್ಕಿತು.

"ನಮ್ಮನೇಲಿ ಒಂದ್ಸಲ ಮಿಕ್ಸಿ ಬಿಚ್ಚಿದ್ದೆ ಮಾವ. ವಾಪಸ್ ಜೋಡಿಸಿದ್ಮೇಲೆ ನಾಲ್ಕು ಸ್ಕ್ರೂ ಮಿಕ್ಕಿತ್ತು. ನಮ್ಮಮ್ಮ ಅದನ್ನ ಡಬ್ಬೀಲಿ ಹಾಕಿಟ್ಟಿದ್ದಾಳೆ, ನಾಳೆ ನನ್ ಮಕ್ಳಿಗೆ ತೋರಿಸಕ್ಕೆ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಹಾಗೆ ನಗಲು ಬರುತ್ತದೆಂಬುದೇ ಹಿರಿಸೊಸೆಗೆ ಗೊತ್ತಿರಲಿಲ್ಲ.

ಹುಡುಗಿ ಮಾತಾಡುತ್ತಲೇ ಸ್ಕ್ರೂ ತಿರುಗಿಸುತ್ತಿದ್ದಳು. ಒಂದು. ಒಂದೂವರೆ. ಎರಡು. ಎರಡೂಕಾಲು. ಸ್ಕ್ರೂ ತಳ ಮುಟ್ಟಿತು. ಎಣಿಸಿದವಳು ಹಿರಿಸೊಸೆ ಒಬ್ಬಳೇ. ಹೇಳೋಣವೆಂದು ತುಟಿ ತೆರೆದಳು. ಅಷ್ಟರಲ್ಲಿ ಮಾವ, "ಕೈ ಚುರುಕಾಗಿದೆ ಕಣಮ್ಮ ನಿಂದು," ಎಂದರು. ತೆರೆದ ತುಟಿ ಹಾಗೇ ಮುಚ್ಚಿಕೊಂಡಿತು.

ಮಧ್ಯಾಹ್ನದವರೆಗೂ ಕೆಲಸ ಸಾಗಿತು. ಕಾರ್ಬುರೇಟರಿನ ತಳದ ಬಟ್ಟಲಲ್ಲಿ ಹಳೇ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಹುಡುಗಿ ಅದನ್ನು ಕೆರೆದು ತೊಳೆದಳು. ಪೆಟ್ರೋಲು ಚಿಮ್ಮುವ ಜೆಟ್ಟಿನ ಕಣ್ಣಿಗೆ ಸಣ್ಣ ತಂತಿ ಹಾಯಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಸಂದು ಮುಚ್ಚಲು ಹೊಸ ಗ್ಯಾಸ್ಕೆಟ್ ಕೂರಿಸಿದಳು. ಎಲ್ಲವೂ ಒಳಗೆ ಹೋಗಿ ಆ ಸ್ಕ್ರೂ ಒಂದೇ ಉಳಿಯಿತು.

"ಎಷ್ಟು ಸುತ್ತಿತ್ತು?" ಮಾವ ಕೇಳಿದರು.

ಹುಡುಗಿ ನಾಲಿಗೆ ಕಚ್ಚಿಕೊಂಡಳು.

"ಎಣಿಸು ಅಂತ ಬಡ್ಕೊಂಡೆನಲ್ಲ!"

ಸ್ಕ್ರೂ ತಳ ಮುಟ್ಟಿಸಿ, ಅಂದಾಜಿನಲ್ಲಿ ಒಂದು ಸುತ್ತು ಹೊರಕ್ಕೆ ಬಿಟ್ಟು, ಎಂಜಿನ್ ಎಬ್ಬಿಸುವ ಹಗ್ಗ ಎಳೆದರು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೂರು ಸುತ್ತು ಬಿಟ್ಟರು. ಗೊರಗೊರ ಎಂದು ಕರಿಹೊಗೆ ಉಗುಳಿ ನಿಂತಿತು. ಹಗ್ಗ ಎಳೆದೆಳೆದು ಹುಡುಗಿಯ ಅಂಗೈ ಕೆಂಪಾಯಿತು, ಕಣ್ಣಂಚಿನಲ್ಲಿ ನೀರು ನಿಂತಿತು. ಹಿರಿಸೊಸೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಾಗಾಯಿತಲ್ಲಾ ಎಂದು ಮರುಕ್ಷಣವೇ ನಾಚಿಕೆಯೂ ಆಯಿತು.

ಮಾವ ಬೆವರು ಒರೆಸಿಕೊಂಡು ಅವಳತ್ತ ತಿರುಗಿದರು. "ಥೂ, ನಾನೊಬ್ಬ. ಇವಳು ಎಣಿಸಿರ್ತಾಳಲ್ಲ! ಎಷ್ಟಮ್ಮಾ?"

ಆ ನಂಬಿಕೆ ಅವಳಿಗೆ ಬೇಕಾಗಿತ್ತು, ಬೆಳಿಗ್ಗೆ ಬೇಕಾಗಿತ್ತು. ಲೆಕ್ಕ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಈಗ ಹೇಳಿದರೆ, ಇಷ್ಟು ಹೊತ್ತು ಬಾಯಿ ಹೊಲಿದುಕೊಂಡು ನಿಂತು ನೋಡಿದ್ದೂ ಹೇಳಿದಂತೆಯೇ.

"ನಾನು ಟಾರ್ಚ್ ಹಿಡಿದಿದ್ದೆ ಮಾವ. ಎಣಿಸ್ಲಿಲ್ಲ."

ಮಾವ ಅವಳ ಮುಖವನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದರು. ಮತ್ತೆ ಎಂಜಿನ್ನಿನ ಕಡೆ ತಿರುಗಿ, "ಹಾಗಾದ್ರೆ ಕಿವಿಯಲ್ಲೇ ಹಿಡೀಬೇಕು. ಬಾಮ್ಮ ಹತ್ರ," ಎಂದು ಕಿರಿಸೊಸೆಯನ್ನು ಕರೆದರು. "ಇದನ್ನ ನಾನು ಯಾರ್ಗೂ ಹೇಳ್ಕೊಟ್ಟಿಲ್ಲ. ನನ್ ಮಕ್ಳಿಗೂ ಇಲ್ಲ."

ಹುಡುಗಿಯ ಕೈಯ ಮೇಲೆ ತಮ್ಮ ನಡುಗುವ ಕೈ ಇಟ್ಟರು. ಎಂಜಿನ್ ಕುಂಟುತ್ತಾ ಎದ್ದಿತು. "ಉಸಿರು ಕಟ್ತಾ ಇದೆ, ಕೇಳಿಸ್ತಾ? ಇನ್ನೊಂಚೂರು ಬಿಡು... ಹೆಚ್ಚಾಯ್ತು, ಹೊಟ್ಟೆ ಬಿರಿಯೋ ಹಾಗೆ ತಿಂದಿದೆ ನೋಡು. ಹಿಂದಕ್ಕೆ. ಹಾಂ... ಹಾಂ..."

ಹಿರಿಸೊಸೆಯೂ ಕಿವಿಗೊಟ್ಟಳು. ನಿಂತ ಜಾಗಕ್ಕೆ ಬರೀ ಸದ್ದು ಕೇಳಿಸಿತು. ಕಟ್ಟಿದ ಉಸಿರು, ತುಂಬಿದ ಹೊಟ್ಟೆ ಯಾವುದೂ ಕೇಳಿಸಲಿಲ್ಲ. ಆಮೇಲೆ ಒಮ್ಮೆಲೇ ಸದ್ದು ಹದವಾಗಿ ಒಂದೇ ಸಮನೆ ಹರಿಯತೊಡಗಿತು. ಮಾವ ಕಣ್ಣು ಮುಚ್ಚಿಕೊಂಡರು.

ಎಂಜಿನ್ ನಿಲ್ಲಿಸಿ ಹುಡುಗಿ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತಾ ಗಟ್ಟಿಯಾಗಿ ಎಣಿಸಿದಳು, ಅಷ್ಟನ್ನೇ ಮತ್ತೆ ಹೊರಕ್ಕೆ ಬಿಟ್ಟಳು. "ಎರಡೂಕಾಲು ಮಾವ! ಇನ್ನು ಈ ಜನ್ಮದಲ್ಲಿ ಮರೆಯಲ್ಲ. ಅಕ್ಕಾ, ನೀವೂ ನೆನಪಿಟ್ಕೊಳ್ಳಿ."

"ಆಯ್ತಮ್ಮ," ಎಂದಳು ಹಿರಿಸೊಸೆ.

"ಇನ್ಮೇಲೆ ಈ ಎಂಜಿನ್ ನಿನ್ ಪಾಲಿಗೆ," ಎಂದರು ಮಾವ, ಹುಡುಗಿಯ ಬೆನ್ನು ತಟ್ಟಿ.

ಹಿತ್ತಿಲಿನ ತೊಟ್ಟಿಯ ಬಳಿ ಮಾವ, ಹುಡುಗಿ ಇಬ್ಬರೂ ಕೈ ತೊಳೆಯಲು ಕೂತರು. ಹುಡುಗಿ ಮಾವನ ಉಗುರುಗಳಿಗೆ ಸೋಪು ಹಚ್ಚಿ ಉಜ್ಜುತ್ತಿದ್ದಳು. ಹಿರಿಸೊಸೆ ತೊಟ್ಟಿಯಿಂದ ನೀರು ಮೊಗೆದು ಆ ನಾಲ್ಕು ಕೈಗಳ ಮೇಲೆ ಹನಿಸುತ್ತಾ ನಿಂತಳು. ಕಪ್ಪು ನೀರು ಕಲ್ಲಿನ ಮೇಲೆ ಹರಿದು ಬಂದು, ಅವಳ ಬರಿಪಾದವನ್ನು ತಾಕಿ, ಎರಡಾಗಿ ಸೀಳಿ, ಆಚೆ ಹೋಗಿ ಮತ್ತೆ ಒಂದಾಯಿತು.